ಮಹಾನವಮಿಗೆ ಮೊದಲು ಅಟ್ಟ ಹಗುರ ಮಾಡುವುದು ಹೇಗೆ?

ಮಹಾನವಮಿ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹಾಸಿಗೆ-ಹೊದಿಕೆ ಒಗೆಯುವ ಗಡಿಬಿಡಿ. ಅಟ್ಟದ ಸಾಮಾನೂ ಆಗಲೇ ಕೆಳಗಿಳಿಯುತ್ತದೆ. ಧೂಳು ಒರೆಸಿ, ಹೊಸ ಪ್ಲಾಸ್ಟಿಕ್ ಡಬ್ಬಿ ತಂದು ತುಂಬಿ, ಅಷ್ಟನ್ನೂ ಮತ್ತೆ ಮೇಲೇರಿಸುತ್ತಾರೆ. ಯುಗಾದಿ ಹೊತ್ತಿಗೆ ಮತ್ತದೇ ರಾಡಿ.

ಇದಕ್ಕೆ ಮನೆಯವರನ್ನು ಬೈದು ಫಲವಿಲ್ಲ. ಲೆಕ್ಕ ನೋಡಿ. ನಾಲ್ಕು ಸಾಮಾನನ್ನು ನಾಲ್ಕು ಜಾಗದಲ್ಲಿಡಲು 24 ಬಗೆಗಳಿವೆ. ಹತ್ತು ಸಾಮಾನಿಗೆ ಹತ್ತು ಜಾಗ ಎಂದರೆ 36,28,800 ಬಗೆ! ನಿಮಗೆ ಬೇಕಾದದ್ದು ಅದರಲ್ಲಿ ಒಂದೇ. ಸುಮ್ನೆ ಬಿಟ್ಟರೆ ಮನೆ ಉಳಿದವುಗಳ ಕಡೆಗೇ ಜಾರುತ್ತದೆ, ಅಲ್ವಾ? ಆದ್ದರಿಂದ ಮೊದಲು ಸಾಮಾನು ಕಡಿಮೆ ಮಾಡಿ. ಡಬ್ಬಿ ಕೊಳ್ಳುವ ಮಾತು ಕೊನೆಗೆ.

ಮಳೆಯಿಲ್ಲದ ದಿನ ನೋಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಎಲ್ಲವನ್ನೂ ಇಳಿಸಿ ಪಡಸಾಲೆಯಲ್ಲಿ ಹರವಿ.

ಇನ್ನು ಆರಿಸುವುದು. ಹೆಚ್ಚಿನವರು ಸೋಲುವುದು ಇಲ್ಲೇ. ಒಂದೊಂದನ್ನೂ ಕೈಯಲ್ಲಿ ಹಿಡಿದು, ಕಳೆದ ಮಹಾನವಮಿಯಿಂದ ಇದನ್ನು ಯಾರಾದರೂ ಮುಟ್ಟಿದ್ದಾರಾ ಎಂದು ಕೇಳಿಕೊಳ್ಳಿ. ಇಲ್ಲವೆಂದರೆ ಅದು ಕೊಡುವ ರಾಶಿಗೆ. 'ಮುಂದೆ ಬೇಕಾದೀತು' ಎಂಬ ಉತ್ತರ ನಡೆಯುವುದಿಲ್ಲ. 'ಆಮೇಲೆ ನೋಡೋಣ' ಎಂದು ಬೇರೆ ಚೀಲ ಕಟ್ಟುವುದೂ ಬೇಡ. ಅಟ್ಟ ತುಂಬಿದ್ದೇ ಅಂಥ ಚೀಲಗಳಿಂದ.

ಹಳೆಯ ಹತ್ತಿ ಸೀರೆ, ಧೋತರ ಕೌದಿಗೆ ಒಳ್ಳೆಯವು. ಒಗೆದು, ಒಣಗಿಸಿ, ಅದೇ ವಾರ ಕೌದಿ ಹೊಲಿಯುವವರ ಮನೆಗೆ ಮುಟ್ಟಿಸಿ. ಪಾಲಿಯೆಸ್ಟರ್ ಬೆರೆಸಬೇಡಿ, ಬೆವರು ಹೀರುವುದಿಲ್ಲ. ಅದನ್ನು ಬಟ್ಟೆ ತಗೊಂಡು ಪಾತ್ರೆ ಕೊಡುವವರಿಗೆ ಕೊಡಿ. ಇಳಕಲ್ ಸೀರೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮಡಿಕೆ ಬದಲಿಸಿ, ಇಲ್ಲದಿದ್ದರೆ ಹಳೆಯ ಗೆರೆಗುಂಟವೇ ಸೀಳುತ್ತದೆ. ಗಾಳಿ ಎಳೆದು ಮುಚ್ಚುವ ಚೀಲಗಳಿಗೆ ದುಡ್ಡು ಹಾಕಲೇಬೇಡಿ. ಸಣ್ಣ ತೂತು ಬಿದ್ದರೂ ಉಬ್ಬುತ್ತವೆ, ಹತ್ತಿಯ ಹಾಸಿಗೆಯನ್ನು ಗಟ್ಟಿ ಮಾಡಿಬಿಡುತ್ತವೆ.

ತಾಮ್ರದ ಹಂಡೆ, ಹಿತ್ತಾಳೆ ಕೊಡ ಬಂದಾಗ ನಿಧಾನಿಸಿ. ಅತ್ತೆಯವರು ಊರಿಗೆ ಹೋದಾಗ ಗುಜರಿಯವರನ್ನು ಕರೆಯುವುದು ದೊಡ್ಡ ತಪ್ಪು. ಅತ್ತೆಯವರನ್ನು ಅಲ್ಲೇ ಕುರ್ಚಿಯಲ್ಲಿ ಕೂರಿಸಿ, ಒಂದೊಂದನ್ನೂ ತೋರಿಸಿ, 'ಇದೇನು ಮಾಡೋಣ ಅತ್ತಿ?' ಎಂದು ಕೇಳಿ. ಕೇಳಿದರೆ ಎಷ್ಟೋ ಸಾಮಾನು ಅವರೇ ಬಿಟ್ಟುಕೊಡುತ್ತಾರೆ. ಅವರು ಕೊಡುವುದು ಬೇಡ ಎಂದದ್ದು ಮನೆಯಲ್ಲೇ ಇರಲಿ.

ಖರೀದಿ ಪತ್ರ, ಉತಾರ (ಆಸ್ತಿ ದಾಖಲೆಯ ನಕಲು), ಮಾರ್ಕ್ಸ್ ಕಾರ್ಡ್, ಪಾಲಿಕೆಗೆ ತೆರಿಗೆ ಕಟ್ಟಿದ ಪಾವತಿಗಳ ಜಾಗ ಕಪಾಟು. ಅವು ಅಟ್ಟಕ್ಕೆ ಏರಲೇಬಾರದು. ಬಾಕಿ ಇಲ್ಲದ ಹಳೆಯ ಹೆಸ್ಕಾಂ ಕರೆಂಟ್ ಬಿಲ್ಲು ರದ್ದಿಗೆ ಹೋಗಲಿ. ಆಧಾರ್ ಜೆರಾಕ್ಸ್ ಮಾತ್ರ ಚೂರುಚೂರು ಹರಿಯಿರಿ, ರದ್ದಿ ಕಾಗದ ಗಿರಮಿಟ್ ಪೊಟ್ಟಣವಾಗಿ ಯಾರ ಕೈಗೂ ಹೋಗಬಹುದು.

ಕೊಡುವುದೆಲ್ಲ ಕತ್ತಲಾಗುವುದರೊಳಗೆ ಹೊಸ್ತಿಲು ದಾಟಲಿ. ರಾತ್ರಿ ಉಳಿದರೆ ಬೆಳಿಗ್ಗೆ ಅರ್ಧ ವಾಪಸ್ ಒಳಗೆ ಬರುತ್ತದೆ. ಅವಧಿ ಮುಗಿದ ಔಷಧಿ, ಹಳೆಯ ಸೆಲ್ಲುಗಳನ್ನು ಬೇರೆ ಕಟ್ಟಿ ಕಸದ ಗಾಡಿಯವರಿಗೆ ಹೇಳಿ ಕೊಡಿ.

ಉಳಿದದ್ದನ್ನು ಹೆಸರಿನ ಚೀಟಿ ಅಂಟಿಸಿ ಮೇಲಿಡಿ. ಬಟ್ಟೆ ಗಂಟಿಗೆ ಬೇವಿನ ಸೊಪ್ಪು ಹಾಕುವುದಾದರೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿಯೇ ಹಾಕಿ, ಹಸಿ ಸೊಪ್ಪಿಗೆ ಬೂಸ್ಟು ಹಿಡಿಯುತ್ತದೆ.