ಮೇಲಿನ ಮನೆಯ ನೀರು, ಮೇಲಿನ ಮನೆಯ ಸದ್ದು: ಯಾರಿಗೆ ಹೇಳುವುದು, ಹೇಗೆ ಹೇಳುವುದು?

ಹಂಚಿನ ಮನೆಯಲ್ಲಿ ಬೆಳೆದವರಿಗೆ ಸೋರುವುದು ಹೊಸದಲ್ಲ. ಆರಿದ್ರಾ ಮಳೆ ಹಿಡಿಯುವ ಮುಂಚೆ ಏಣಿ ಹಾಕಿ ಹಂಚು ಕೈಯಾಡಿಸಿದರೆ ಆ ವರ್ಷದ ಚಿಂತೆ ಮುಗಿಯಿತು. ಮತ್ತೂ ಎಲ್ಲಾದರೂ ತೊಟ್ಟಿಕ್ಕಿದರೆ ಕೆಳಗೊಂದು ಚೆಂಬು ಇಟ್ಟರಾಯಿತು. ಶಿವಮೊಗ್ಗದ ಫ್ಲ್ಯಾಟಿಗೆ ಬಂದ ಮೇಲೆ ಲೆಕ್ಕ ಬೇರೆ. ಇಲ್ಲಿ ನಮ್ಮ ಸೂರೇ ಇನ್ನೊಬ್ಬರ ನೆಲ. ಏಣಿ ಹಾಕುವಂತಿಲ್ಲ, ಬೆಲ್ ಒತ್ತಬೇಕು. ಬಾಗಿಲು ತೆಗೆಯುವವರು ಬಾಡಿಗೆಯವರು. ಓನರ್ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ.

ವಿನೋಬನಗರದ ಕಡೆ ಎರಡನೇ ಮಹಡಿಯಲ್ಲಿದ್ದಾಗ ನನಗೆ ನೀರು ಮತ್ತು ಸದ್ದು ಒಂದೇ ಮಳೆಗಾಲದಲ್ಲಿ ಅಮರಿಕೊಂಡವು. ಮೇಲೆ ಹೋಗಿ ಎರಡನ್ನೂ ಒಂದೇ ಉಸಿರಿಗೆ ಹೇಳಿದೆ. ಬಾತ್‌ರೂಮ್ ಸೋರುತ್ತಿದೆ, ಅದೂ ಅಲ್ಲದೆ ಬೆಳಗಿನ ಜಾವ ಎಂತದೋ ಕುಟ್ಟುತ್ತೀರಿ ಅಂತ. “ಸೋರೋದಕ್ಕೆ ನಾವೆಂತ ಮಾಡೋದು? ಓನರ್‌ಗೆ ಹೇಳಿ” ಎಂದು ಬಾಗಿಲು ಹಾಕಿಕೊಂಡರು. ನೀರೂ ನಿಲ್ಲಲಿಲ್ಲ, ಕುಟ್ಟುವುದೂ ನಿಲ್ಲಲಿಲ್ಲ. ಅವರು ಹೇಳಿದ್ದರಲ್ಲಿ ಅರ್ಧ ಸರಿಯಿತ್ತು. ಪೈಪು, ಟೈಲ್ಸು, ಟ್ರ್ಯಾಪು (ಬಚ್ಚಲ ನೆಲದ ನೀರು ಇಳಿದುಹೋಗುವ ಜಾಗ) ಓನರ್‌ದು. ಸದ್ದು ಮಾತ್ರ ಅಲ್ಲಿ ವಾಸ ಇರುವವರದು. ಎರಡು ದೂರು, ಇಬ್ಬರು ಜನ, ಎರಡು ಬೇರೆ ದಿನ. ಅಲ್ಲಿಂದ ಶುರು ಮಾಡಿ.

ಕರೆಂಟು ಮೊದಲು, ಬಕೆಟ್ ಆಮೇಲೆ

ಸೀಲಿಂಗಿನಿಂದ ನೀರು ಇಳಿಯುವುದು ಕಂಡರೆ ಎಲ್ಲರೂ ಬಕೆಟ್ ಹುಡುಕಿಕೊಂಡು ಓಡುತ್ತಾರೆ. ಆದರೆ ಸ್ಲ್ಯಾಬಿನೊಳಗೆ ನೀರಿಗೆ ಸುಲಭದ ದಾರಿ ವೈರಿಂಗ್ ಪೈಪು. ಹಾಗಾಗಿ ಎಷ್ಟೋ ಸಲ ಹನಿ ಬೀಳುವುದು ಲೈಟಿನ ಹೋಲ್ಡರ್‌ನಿಂದ ಅಥವಾ ಫ್ಯಾನಿನ ಕೊಕ್ಕೆಯಿಂದ. ಆ ಕೋಣೆಯ ಎಂಸಿಬಿ (ಕೋಣೆಗೆ ಬರುವ ಕರೆಂಟನ್ನೇ ಕಡಿಯುವ ಸ್ವಿಚ್ಚು) ಇಳಿಸಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಬೋರ್ಡಿನವರೆಗೆ ಕರೆಂಟು ಇದ್ದೇ ಇರುತ್ತದೆ. ಪೇಂಟ್ ಬಲೂನಿನ ಹಾಗೆ ಉಬ್ಬಿ ನೀರು ತುಂಬಿಕೊಂಡಿದ್ದರೆ ಕೆಳಗೆ ಬಕೆಟ್ ಇಟ್ಟು ದಬ್ಬಳದಿಂದ ಸಣ್ಣಗೆ ಚುಚ್ಚಿ ಇಳಿಸಿಬಿಡಿ.

ನೀರು ಎಲ್ಲಿಯದು?

ಮೇಲೆ ಹೋಗಿ ಬೆಲ್ ಒತ್ತುವ ಮೊದಲು ಎರಡು ಮೂರು ದಿನ ಸುಮ್ಮನೆ ಗಮನಿಸಿ. ಮಲೆನಾಡಿನ ಜುಲೈನಲ್ಲಿ ಗೋಡೆ ಒದ್ದೆಯಾಗುವುದಕ್ಕೆ ಮೇಲಿನ ಮನೆಯವರೇ ಬೇಕೆಂದಿಲ್ಲ.

ಮೇಲಿನವರು ಊರಿಗೆ ಹೋದಾಗಲೂ ಹನಿ ಒಂದೇ ಸಮ ಬೀಳುತ್ತಿದ್ದರೆ ಅದು ನಲ್ಲಿಗೆ ನೀರು ತರುವ ಪೈಪಿನದು. ಆ ಪೈಪಿನಲ್ಲಿ ಒತ್ತಡ ಯಾವಾಗಲೂ ಇರುತ್ತದೆ. ಒಂದು ರಾತ್ರಿ ಅವರ ಮನೆಯ ವಾಲ್ವ್ ಬಂದ್ ಮಾಡಿಸಿ ನೋಡಿದರೆ ಖಾತ್ರಿಯಾಗುತ್ತದೆ. ಅವರ ಸ್ನಾನದ ಹೊತ್ತು ಕಳೆದು ಸ್ವಲ್ಪ ಹೊತ್ತಿಗೆ ಇಳಿಯತೊಡಗಿದರೆ ಬಚ್ಚಲ ನೀರು: ಟೈಲ್ಸ್ ಸಂದು, ನಹಾನಿ ಟ್ರ್ಯಾಪ್, ಇಲ್ಲವೇ ವೇಸ್ಟ್ ಪೈಪಿನ ಜಾಯಿಂಟ್. ಗಾಳಿ ಮಳೆ ಎರಚಿದಾಗ ಮಾತ್ರ ಕಲೆ ದೊಡ್ಡದಾದರೆ ಹೊರಗೋಡೆಯ ಬಿರುಕು ಅಥವಾ ಸಜ್ಜಾ ನೋಡಿ. ಮೇಲಿನವರ ಪಾಲು ಅದರಲ್ಲಿಲ್ಲ. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಬರೀ ಕಪ್ಪು ಬೂಷ್ಟು ಬಂದಿದ್ದರೆ ಅದು ಥಂಡಿಯ ಕೆಲಸ. ಬೀರು ಒಂದು ಗೇಣು ಮುಂದೆ ಸರಿಸಿ, ಅಷ್ಟೇ.

ಒದ್ದೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು, ಹೊತ್ತು ಬರೆಯಿರಿ. ಮರುದಿನ ಮತ್ತೊಂದು ಗೆರೆ. ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೋ ತೆಗೆಯಿರಿ. ಮುಂದೆ ಯಾರ ಎದುರು ಕೂತರೂ ಈ ಗೆರೆಗಳ ಮುಂದೆ ವಾದ ಬೆಳೆಯುವುದಿಲ್ಲ.

ಬಚ್ಚಲದ್ದೇ ಎಂದು ಅನುಮಾನವಿದ್ದರೆ ಬಣ್ಣದ ನೀರಿನ ಪರೀಕ್ಷೆ ಮಾಡಿಸಿ. ಇದಕ್ಕೆ ಬಾಡಿಗೆಯವರ ಒಪ್ಪಿಗೆ ಬೇಕು, ಒಂದು ದಿನ ಆ ಬಚ್ಚಲು ಬಿಟ್ಟುಕೊಡಬೇಕು. ಅದಕ್ಕೇ ಅವರ ಜೊತೆ ಮೊದಲೇ ಜಗಳ ಆಡಿಕೊಳ್ಳಬಾರದು. ಟ್ರ್ಯಾಪಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿಯನ್ನೋ ಅಡುಗೆ ಬಣ್ಣವನ್ನೋ ಕಲಸಿ 24 ಗಂಟೆ ಬಿಡಿ. ಕೆಳಗೆ ಇಳಿದರೆ ನೆಲದ ಸಂದಿನದು. ಇಳಿಯದಿದ್ದರೆ ಬಟ್ಟೆ ತೆಗೆದು ಟ್ರ್ಯಾಪಿಗೇ ನಾಲ್ಕು ಬಕೆಟ್ ಸುರಿಯಿರಿ. ಈಗ ಇಳಿದರೆ ಟ್ರ್ಯಾಪ್ ಅಥವಾ ಪೈಪು. ಒಂದು ಎಚ್ಚರಿಕೆ: ಕಾಂಕ್ರೀಟು, ಮಣ್ಣು ಹಾದು ಬರುವಾಗ ಬಣ್ಣ ಸೋಸಿಹೋಗಬಹುದು. ನೀಲಿ ಕಾಣಲಿಲ್ಲ ಎಂದು ಕೈಬಿಡದೆ ಪೆನ್ಸಿಲ್ ಗೆರೆ ದಾಟಿತೇ ಎಂದು ನೋಡಿ.

ಓನರ್‌ಗೆ ಬರೆಯುವುದು

ಫೋನಿನಲ್ಲಿ ಹೇಳಿದ್ದು ಫೋನಿಟ್ಟ ಕೂಡಲೇ ಮರೆತುಹೋಗುತ್ತದೆ. ಮಾತಾಡಿ, ಆಮೇಲೆ ವಾಟ್ಸ್ಆ್ಯಪಿನಲ್ಲೂ ಬರೆಯಿರಿ. ನಾನು ಕೊನೆಗೆ ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

“ನಮಸ್ಕಾರ ಸಾರ್. ನಿಮ್ಮ ಫ್ಲ್ಯಾಟಿನ ಕೆಳಗಿನ ಮನೆಯವರು. ಜುಲೈ 8ರಿಂದ ನಮ್ಮ ಬಾತ್‌ರೂಮಿನ ಸೀಲಿಂಗಿನಲ್ಲಿ ನೀರು ಇಳಿಯುತ್ತಿದೆ. ನಿಮ್ಮ ಬಾಡಿಗೆಯವರನ್ನು ಕೇಳಿಕೊಂಡು 12ರಂದು ಬಣ್ಣದ ನೀರು ಹಾಕಿ ನೋಡಿದೆವು, ಟ್ರ್ಯಾಪಿನ ಹತ್ತಿರ ಇಳಿಯಿತು. ಫೋಟೋ ಕಳಿಸಿದ್ದೇನೆ. ಸ್ಲ್ಯಾಬಿನ ಕಂಬಿಗೆ ನೀರು ಮುಟ್ಟಿದರೆ ನಿಮಗೂ ನಷ್ಟ. ಈ ಭಾನುವಾರದೊಳಗೆ ನಿಮ್ಮ ಕಡೆಯ ಪ್ಲಂಬರ್ ಬಂದು ನೋಡಲಿ. ನಾವು ಮನೆಯಲ್ಲೇ ಇರುತ್ತೇವೆ.”

ಕಂಬಿಯ ಮಾತು ಹೆದರಿಸುವುದಕ್ಕೆ ಬರೆದದ್ದಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಚಕ್ಕೆ ಎಬ್ಬಿಸುತ್ತದೆ. ಆ ಸ್ಲ್ಯಾಬು ಅವರ ನೆಲವೂ ಹೌದು. ಬೆಂಗಳೂರಿನಲ್ಲಿ ಕೂತ ಓನರ್‌ಗೆ ನಾಟಿದ ಸಾಲು ಅದೊಂದೇ. ಇದನ್ನೇ ಬಾಡಿಗೆಯವರಿಗೂ ತೋರಿಸಿ, ಬೆನ್ನ ಹಿಂದೆ ದೂರು ಹೇಳಿದರು ಅನ್ನಿಸಬಾರದು. “ಇವರನ್ನು ಬಿಡಿಸಿ” ಎಂದು ಮಾತ್ರ ಬರೆಯಬೇಡಿ. ಬಾಡಿಗೆಯವರು ಹೋದರೂ ಟ್ರ್ಯಾಪು ಅಲ್ಲೇ ಇರುತ್ತದೆ.

ಯಾವ ರಿಪೇರಿಗೆ ಒಪ್ಪಬೇಕು

ಮೇಸ್ತ್ರಿ ಬಂದು ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ಬಳಿದು ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಭೇಟಿಯಾಗುತ್ತೀರಿ. ಸಂದಿನದೇ ತೊಂದರೆಯಾದರೆ ಹಳೆಯದನ್ನು ಪೂರ್ತಿ ಕೆರೆದು ಎಪಾಕ್ಸಿ ಗ್ರೌಟ್ (ನೀರು ಹೀರದ ಅಂಟು ಗಾರೆ) ತುಂಬಬೇಕು. ಟ್ರ್ಯಾಪಿನದಾದರೆ ಸುತ್ತಲಿನ ನಾಲ್ಕು ಟೈಲ್ಸ್ ಒಡೆಯದೆ ಗತಿಯಿಲ್ಲ. ಬಚ್ಚಲ ಸ್ಲ್ಯಾಬನ್ನು ತಗ್ಗಿಸಿ ಮೇಲೆ ಮಣ್ಣು, ಇಟ್ಟಿಗೆ ಚೂರು ತುಂಬಿರುತ್ತಾರಲ್ಲ, ಆ ತುಂಬುವೇ ನೀರು ಕುಡಿದು ಕೂತಿದ್ದರೆ ಎಲ್ಲ ಎತ್ತಿಸಿ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಹೊಸ ಟೈಲ್ಸ್ ಕೂರಿಸುವ ಮೊದಲು 24 ಗಂಟೆ ನೀರು ನಿಲ್ಲಿಸಿ ನೋಡಬೇಕು. ಕೆಳಗಿನಿಂದ, ಅಂದರೆ ನಿಮ್ಮ ಸೀಲಿಂಗಿಗೆ ಏನನ್ನಾದರೂ ಬಳಿಯುತ್ತೇವೆ ಎಂದರೆ ಬೇಡ ಅನ್ನಿ. ನೀರು ಸ್ಲ್ಯಾಬಿನಲ್ಲೇ ಉಳಿದು ಪಕ್ಕದ ಕೋಣೆಯಲ್ಲಿ ಮೇಲೇಳುತ್ತದೆ.

ದುಡ್ಡು ಯಾರದ್ದು? ಮೇಲಿನ ಮನೆಯೊಳಗಿನ ಪೈಪು, ಬಚ್ಚಲು ಅದರ ಓನರ್‌ದು. ಡಕ್ಟಿನಲ್ಲಿ (ಪೈಪುಗಳಿಗೆಂದು ಕಟ್ಟಡದಲ್ಲಿ ಬಿಟ್ಟ ಸಂದಿನಲ್ಲಿ) ಇಳಿಯುವ ದೊಡ್ಡ ಪೈಪು, ಹೊರಗೋಡೆ, ಟೆರೇಸು ಎಲ್ಲರದ್ದು, ಮೇಂಟೆನೆನ್ಸ್ ಹಣದಿಂದ ಆಗಬೇಕು. ನೀರು ಬಾರದ ಹೊತ್ತಿನಲ್ಲಿ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ತೀರ್ಥಹಳ್ಳಿಗೆ ಮದುವೆಗೆ ಹೋದರೆ, ಅದು ಬಾಡಿಗೆಯವರ ಅಜಾಗರೂಕತೆ, ಅವರೇ ಕೊಡಬೇಕು. ಫ್ಲ್ಯಾಟು ಹೊಸದಾಗಿದ್ದು ರೇರಾ (ಬಿಲ್ಡರುಗಳ ಮೇಲೆ ನಿಯಂತ್ರಣವಿಡುವ ರಿಯಲ್ ಎಸ್ಟೇಟ್ ಕಾಯ್ದೆ) ವ್ಯಾಪ್ತಿಗೆ ಬಂದರೆ ಇನ್ನೊಂದು ದಾರಿಯಿದೆ. ಮನೆ ಕೈಗೆ ಬಂದ 5 ವರ್ಷದೊಳಗೆ ಕಂಡ ಕಟ್ಟಡದ ದೋಷವನ್ನು ತಿಳಿಸಿದ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿಪಡಿಸಬೇಕೆಂದು 2016ರ ಆ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಗೃಹಸಾಲದ ಜೊತೆ ಬಂದ ವಿಮೆಯನ್ನೂ ತೆಗೆದು ಓದಿ. 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಪೈಪು, ಟ್ಯಾಂಕು ಒಡೆದು ಅಥವಾ ತುಂಬಿ ಹರಿದು ಆದ ಹಾನಿ ಸೇರಿದೆ. ವರ್ಷಗಟ್ಟಲೆ ಜಿನುಗಿದ್ದಕ್ಕೆ ಅದನ್ನು ನಂಬಿಕೊಂಡು ಕೂರಬೇಡಿ.

ಓನರ್ ಉತ್ತರ ಕೊಡದಿದ್ದರೆ

ಅಸೋಸಿಯೇಷನ್ ಇದ್ದರೆ ಅದಕ್ಕೆ ಬರವಣಿಗೆಯಲ್ಲಿ ಕೊಡಿ. ನಮ್ಮೂರಿನ ಹತ್ತು ಹನ್ನೆರಡು ಮನೆಯ ಅಪಾರ್ಟ್‌ಮೆಂಟುಗಳಲ್ಲಿ ಅಸೋಸಿಯೇಷನ್ ಎಂದರೆ ಒಂದು ವಾಟ್ಸ್ಆ್ಯಪ್ ಗ್ರೂಪು, ಅದರಲ್ಲಿ ಬೆಳಗಿನ ಶುಭೋದಯ. ಆಗ ನೇರ ಓನರ್‌ಗೆ, ಉತ್ತರಿಸಲು 15 ದಿನ ಕೊಟ್ಟು, ಅಂಚೆಯಲ್ಲಿ ನೋಟಿಸ್ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ತಲುಪಿದ್ದಕ್ಕೆ ಸ್ವೀಕೃತಿ ಬೇಕೆಂದು ಕೌಂಟರಿನಲ್ಲಿ ಕೇಳಿ.

ಅದಕ್ಕೂ ಜಗ್ಗದಿದ್ದರೆ ಕೋರ್ಟಿಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ದಾವೆ ಹೂಡದೆಯೇ ಅರ್ಜಿ ಕೊಡಬಹುದು, ಎದುರು ಪಕ್ಷದವರನ್ನು ಕರೆಸಿ ಕೂರಿಸಿ ಮಾತಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿಯೂ ಇಲ್ಲ. ಸಹಾಯವಾಣಿ 15100. ಪೆನ್ಸಿಲ್ ಗೆರೆಯ ಫೋಟೋಗಳು ಉಪಯೋಗಕ್ಕೆ ಬರುವುದು ಇಲ್ಲಿ.

ಇನ್ನು ಸದ್ದು

ಸದ್ದಿಗೆ ಬಾಡಿಗೆಯವರ ಹತ್ತಿರವೇ ಹೋಗಿ, ಆದರೆ ಸದ್ದಾಗುವ ಹೊತ್ತಿಗೆ ಹೋಗಬೇಡಿ. ಆಗ ನಿಮ್ಮ ಮುಖವೇ ಸರಿಯಿರುವುದಿಲ್ಲ. ಸಂಜೆ ಕಾಫಿ ಹೊತ್ತು ಒಳ್ಳೆಯದು.

ಬೆಳಗಿನ ಐದಕ್ಕೆ ನನ್ನ ತಲೆಯ ಮೇಲೆ ಟಕ್ ಟಕ್ ಕೇಳುತ್ತಿತ್ತು. ಬೇಕೆಂದೇ ಮಾಡುತ್ತಾರೆ ಎಂದು ನಂಬಿಬಿಟ್ಟಿದ್ದೆ. ಎರಡನೇ ಸಲ ಹೋದಾಗ ಬರೀ ಸದ್ದಿನ ವಿಷಯ ಎತ್ತಿದೆ. “ಅಯ್ಯೋ ಮಾರಾಯ್ರೆ, ಅದು ನಮ್ಮ ಅಜ್ಜಿ. ಹಲ್ಲಿಲ್ಲ, ಎಲೆ ಅಡಿಕೆ ಕುಟ್ಟೇ ಹಾಕ್ಬೇಕು” ಎಂದರು. ಕುಟ್ಟಾಣಿಯನ್ನು ಬರೀ ನೆಲದ ಮೇಲೆ ಇಟ್ಟುಕೊಳ್ಳುತ್ತಿದ್ದರು. ಕೆಳಗೆ ನಾಲ್ಕು ಮಡಿಕೆ ಗೋಣಿಚೀಲ, ಅದರ ಮೇಲೊಂದು ಮಣೆ ಬಂತು. ಮರುದಿನ ನಾನು ಏಳೂವರೆಗೆ ಎದ್ದೆ.

ಇದರ ಹಿಂದೆ ಲೆಕ್ಕವಿದೆ. ಟಿವಿ, ಮಾತು ಗಾಳಿಯಲ್ಲಿ ಬರುವ ಸದ್ದು. ಕುಟ್ಟುವುದು, ಕುರ್ಚಿ ಎಳೆಯುವುದು, ಮಕ್ಕಳು ಹಾರುವುದು ಸ್ಲ್ಯಾಬಿನಲ್ಲೇ ಇಳಿದು ಬರುವ ಸದ್ದು. ಇದಕ್ಕೆ ನಿಮ್ಮ ಸೀಲಿಂಗಿಗೆ ದುಡ್ಡು ಸುರಿದರೆ ಪ್ರಯೋಜನ ಕಡಿಮೆ, ಮದ್ದು ಮೇಲೆಯೇ ಆಗಬೇಕು. ಕುರ್ಚಿ ಕಾಲಿಗೆ ರಬ್ಬರ್ ಟೊಪ್ಪಿ, ಮಿಕ್ಸಿಗೆ ಮಡಿಸಿದ ಟವೆಲ್, ಆಟದ ಜಾಗಕ್ಕೆ ದಪ್ಪ ಚಾಪೆ. ವಾಷಿಂಗ್ ಮೆಷಿನ್ ಹಿಂಡುವಾಗ ಕುಣಿದರೆ ನಾಲ್ಕು ಕಾಲೂ ಮಟ್ಟವಿದೆಯೇ ನೋಡಲಿ. ಮುಂದೆ ಬಾಗಿಲಿರುವ ಹೊಸ ಮೆಷಿನ್ನಾದರೆ ಸಾಗಣೆಗೆಂದು ಹಿಂದೆ ಹಾಕಿದ ಬೋಲ್ಟ್ ತೆಗೆದಿಲ್ಲವೇನೋ. ಟೊಪ್ಪಿ, ಚಾಪೆ ನೀವೇ ತಂದುಕೊಡಿ. ಸಣ್ಣ ಖರ್ಚು, ನಿದ್ದೆಗೆ ಹೋಲಿಸಿದರೆ ಏನೂ ಅಲ್ಲ.

ಹತ್ತು ಗಂಟೆ ಮೇಲೆ ಬಾಕ್ಸ್ ಹಾಕಿ ಪಾರ್ಟಿ ಮಾಡುವವರ ಮಾತು ಬೇರೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ಸದ್ದು ಮಾಡುವ ಕಟ್ಟಡ ಕೆಲಸದ ಯಂತ್ರಗಳನ್ನೂ ಓಡಿಸುವಂತಿಲ್ಲ. ಎರಡು ಸಲ ಹೇಳಿಯೂ ಕೇಳದಿದ್ದರೆ ದಿನ, ಹೊತ್ತು ಬರೆದಿಟ್ಟುಕೊಂಡು ಓನರ್‌ಗೆ ತಿಳಿಸಿ, ಆ ಕ್ಷಣಕ್ಕೆ 112ಕ್ಕೆ ಕರೆ ಮಾಡಿ. ಕೂಸು ಅಳುವುದಕ್ಕೆ, ಯಾರೋ ನಡೆದಾಡುವುದಕ್ಕೆ ಪೊಲೀಸರನ್ನು ಕರೆಯಬೇಡಿ. ಬಂದವರೂ ಏನು ಮಾಡುತ್ತಾರೆ?

ಪೇಂಟ್ ಯಾವಾಗ?

ಮೇಲಿನ ಬಚ್ಚಲು ಒಳಗಿನ ಕೆಲಸ, ಪುಷ್ಯ ಮಳೆಯಲ್ಲೂ ಮಾಡಬಹುದು. ನಿಮ್ಮ ಸೀಲಿಂಗಿಗೆ ಮಾತ್ರ ಅವಸರ ಬೇಡ. ನೀರು ನಿಂತ ಮೇಲೂ ಸ್ಲ್ಯಾಬ್ ಕುಡಿದದ್ದು ಹೊರಗೆ ಬರಲು ವಾರಗಟ್ಟಲೆ ಬೇಕು, ಮಳೆಗಾಲದ ಗಾಳಿಯಲ್ಲಿ ಇನ್ನೂ ತಡ. ಸಡಿಲವಾದ ಪ್ಲಾಸ್ಟರ್ ಉದುರಿಸಿ, ಬಿಳಿ ಉಪ್ಪಿನಂತೆ ಎದ್ದದ್ದನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆದು ದೀಪಾವಳಿ ಕಳೆಯುವವರೆಗೆ ಹಾಗೇ ಬಿಡಿ. ಪುಟ್ಟಿ ಹಚ್ಚುವ ಹಿಂದಿನ ದಿನ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಲ್ಲಿ ಅಂಟಿಸಿ. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಪೇಂಟರ್‌ಗೆ ಇನ್ನೆರಡು ವಾರ ಬಿಟ್ಟು ಬರಲು ಹೇಳಿ.