ಎಸಳು ಬೇಯಿಸಿ ಕಿಣ್ವದ ಜಾಡು ಹಿಡಿದದ್ದು

ಹೂವಿಗೆ ಬಣ್ಣ ಕೊಡುವ ಕಿಣ್ವಗಳನ್ನು ನೇರವಾಗಿ ಅಳೆಯುವ ಸಲಕರಣೆ ನಮ್ಮ ಪದವಿ ಕಾಲೇಜಿನ ಲ್ಯಾಬಿನಲ್ಲಿಲ್ಲ. ಆದರೆ ಕಿಣ್ವ ಮಾಡಿದ ಕೆಲಸ ಎಸಳಲ್ಲೇ ಉಳಿದಿರುತ್ತದಲ್ಲ, ಅದನ್ನೇ ಓದೋಣ ಎಂದುಕೊಂಡೆ.

ಹೂಗಳ ಕೆಂಪು, ನೇರಳೆ, ನೀಲಿಗೆ ಕಾರಣವಾದ ಆಂಥೋಸಯನಿನ್ ವರ್ಣದ್ರವ್ಯದ ತಯಾರಿ ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವದಿಂದ ಶುರು. ಬಣ್ಣದ ಹದ ಗೊತ್ತಾಗುವುದು ಮುಂದೆ, ಅಣುವಿನ ಉಂಗುರಗಳಲ್ಲೊಂದಾದ ಬಿ-ಉಂಗುರಕ್ಕೆ ಹೈಡ್ರಾಕ್ಸಿಲ್ (OH ಗುಂಪು) ಸೇರಿಸುವ ಕಿಣ್ವಗಳ ಬಳಿ. ಅವು ಕೈ ಹಾಕದಿದ್ದರೆ ಅಲ್ಲಿ ಒಂದೇ ಹೈಡ್ರಾಕ್ಸಿಲ್: ಕಿತ್ತಳೆಗೆಂಪಿನ ಪೆಲಾರ್ಗೊನಿಡಿನ್. ಎರಡಾದರೆ ಸಯನಿಡಿನ್, ಮೂರಾದರೆ ನೇರಳೆಯತ್ತ ವಾಲುವ ಡೆಲ್ಫಿನಿಡಿನ್.

ಕೆಂಪು ಸಾಲ್ವಿಯಾ, ಕೆಂಪು ಗುಲಾಬಿ, ನೀಲಿ ಶಂಖಪುಷ್ಪ ಆರಿಸಿಕೊಂಡೆ. ಗುಲಾಬಿಯ ಹಸಿರು ಭಾಗವನ್ನೆಲ್ಲ ಕಿತ್ತು ಹಾಕಬೇಕು. ಅದರ ಟ್ಯಾನಿನ್ ಬಿಸಿ ಆಮ್ಲದಲ್ಲಿ ತಾನೇ ಸಯನಿಡಿನ್ ಆಗಿ ದಾರಿ ತಪ್ಪಿಸುತ್ತದೆ. ಎಸಳನ್ನು 2 ನಾರ್ಮಲ್ (2N) ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಬಣ್ಣದ ಅಣುವಿಗೆ ಅಂಟಿಕೊಂಡ ಸಕ್ಕರೆ ಕಳಚಿಕೊಳ್ಳುತ್ತದೆ. ಸೋಸಿದ ಮೇಲೆ ಈಥೈಲ್ ಅಸಿಟೇಟ್‌ನಲ್ಲಿ ತೊಳೆದು ಹಳದಿ ಫ್ಲೇವೊನಾಲ್‌ಗಳನ್ನು ತೆಗೆದೆ. ಬಣ್ಣವನ್ನು ಸ್ವಲ್ಪವೇ ಅಮೈಲ್ ಆಲ್ಕೋಹಾಲಿಗೆ ಇಳಿಸಿದೆ. ಇದರ ವಾಸನೆಗೆ ಕೆಮ್ಮದವರಿಲ್ಲ, ಕಿಟಕಿ ತೆರೆದಿರಲಿ.

ಅದರ ಚುಕ್ಕೆಯನ್ನು ವಾಟ್‌ಮನ್ 1 ಎಂಬ ಸೋಸು ಕಾಗದದ ಮೇಲಿಟ್ಟು ಫಾರೆಸ್ಟಲ್ ದ್ರಾವಣದಲ್ಲಿ ಓಡಿಸಿದೆ: ಅಸಿಟಿಕ್ ಆಮ್ಲ 30 ಪಾಲು, ಗಾಢ ಹೈಡ್ರೋಕ್ಲೋರಿಕ್ ಆಮ್ಲ 3, ನೀರು 10. ಇದರಲ್ಲಿ ಹೈಡ್ರಾಕ್ಸಿಲ್ ಹೆಚ್ಚಿದಷ್ಟೂ ಚುಕ್ಕೆ ಹಿಂದೆ ಉಳಿಯುತ್ತದೆ. ಪುಸ್ತಕದ ಆರ್‌ಎಫ್ ಮೌಲ್ಯ (ದ್ರಾವಣ ಸಾಗಿದ ದೂರದಲ್ಲಿ ಚುಕ್ಕೆ ಎಷ್ಟು ಪಾಲು ಸಾಗಿತು ಎಂಬ ಲೆಕ್ಕ) ಪೆಲಾರ್ಗೊನಿಡಿನ್‌ಗೆ 0.68, ಸಯನಿಡಿನ್‌ಗೆ 0.49, ಡೆಲ್ಫಿನಿಡಿನ್‌ಗೆ 0.32. ಸಾಲ್ವಿಯಾ ಮುಂದೆ, ಗುಲಾಬಿ ನಡುವೆ, ಶಂಖಪುಷ್ಪ ಕೊನೆಗೆ ಸಾಲಾಗಿ ನಿಂತವು. ಕಣ್ಣಿಗೆ ಕಾಣುವ ಬಣ್ಣವನ್ನು ಇಲ್ಲಿ ನಂಬಬೇಡಿ; ಶಂಖಪುಷ್ಪದ ನೀಲಿಯೂ ಆಮ್ಲಕ್ಕೆ ಬಿದ್ದೊಡನೆ ಕೆಂಪಾಗುತ್ತದೆ. ನಂಬಬೇಕಾದ್ದು ಚುಕ್ಕೆ ನಿಂತ ಜಾಗವನ್ನು.

ಗುಲಾಬಿಯ ಚುಕ್ಕೆ ನಡುವೆಯೇ ನಿಂತಿತಲ್ಲ, ನೀಲಿ ಗುಲಾಬಿ ಬೆಳೆಸುವ ಕಷ್ಟವೆಲ್ಲ ಅಲ್ಲಿದೆ. ಮೂರನೆಯ ಹೈಡ್ರಾಕ್ಸಿಲ್ ಸೇರಿಸುವ ಕಿಣ್ವ ಅದಕ್ಕಿಲ್ಲ. ಜಪಾನಿನ ಸಂಟೋರಿ ಕಂಪನಿ ಆ ಕಿಣ್ವದ ಜೀನನ್ನು ಪ್ಯಾನ್ಸಿ ಹೂವಿನಿಂದ ತಂದು ಹಾಕಿ ಬೆಳೆಸಿದ ಗುಲಾಬಿಯನ್ನು 2004ರಲ್ಲಿ ಪ್ರಕಟಿಸಿತು. 2009ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅದೂ ನನ್ನ ಕಣ್ಣಿಗೆ ತಿಳಿನೇರಳೆಯೇ.

ಹಾಗೇ ಕಾಗದದ ಹೂವನ್ನೂ ಬೇಯಿಸಿದೆ (ಅದರ ಬಣ್ಣವಿರುವುದು ಎಸಳಲ್ಲಲ್ಲ, ಹೂವನ್ನು ಸುತ್ತಿದ ಎಲೆಗಳಲ್ಲಿ). ಅದರ ಗುಲಾಬಿ ಬಣ್ಣ ಕುದಿಯುತ್ತಲೇ ಹೊರಟುಹೋಯಿತು. ಅದು ಆಂಥೋಸಯನಿನ್ ಅಲ್ಲ, ಬೀಟ್‌ರೂಟಿನಲ್ಲಿರುವಂಥ ಬೀಟಾಲೇನ್; ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಹೊರಡುವ ಅದರ ಕಿಣ್ವಗಳೇ ಬೇರೆ. ಈಗ ವಿದ್ಯಾರ್ಥಿಗಳಿಗೆ ಮೊದಲು ಸಾಲ್ವಿಯಾ ಮತ್ತು ಕಾಗದದ ಹೂವನ್ನು ಅಕ್ಕಪಕ್ಕದ ನಳಿಕೆಗಳಲ್ಲಿ ಬೇಯಿಸಲು ಕೊಡುತ್ತೇನೆ. ಕಾಗದ ಓಡಿಸುವುದು ಆಮೇಲೆ.