ಕೆಟ್ಟ ಸುದ್ದಿ ಬೇಗ ಬರ್ಲಿ ಅಂತ ನಾನು ಮಾಡಿದ್ದು

ನಾನು ಈ ಸಾಫ್ಟ್‌ವೇರ್ ಟೀಮ್ ವಹಿಸ್ಕೊಂಡಾಗ ಸ್ಟೇಟಸ್ ರಿಪೋರ್ಟ್ ತುಂಬಾ ಹಸಿರೋ ಹಸಿರು, ಅಂದ್ರೆ ಎಲ್ಲಾ ಸರಿಯಾಗಿ ನಡೀತಿದೆ ಅಂತ, ಆದ್ರೆ ಕೆಲಸ ಮಾತ್ರ ಒಂದು ಸಲಾನೂ ಟೈಮಿಗೆ ಮುಗೀತಿರ್ಲಿಲ್ಲ. ತೊಂದ್ರೆ ಇದೆ ಅಂದವರು ಮೀಟಿಂಗಲ್ಲಿ ಎಲ್ಲರ ಎದುರು ಬೈಸ್ಕೊಂಡಿದ್ದನ್ನ ಇವ್ರೆಲ್ಲಾ ಮೊದಲೇ ನೋಡಿದ್ರು, ಅದಕ್ಕೆ ಕೊನೇ ಗಳಿಗೆವರೆಗೂ ಯಾರೂ ಬಾಯಿ ಬಿಡ್ತಿರ್ಲಿಲ್ಲ. ನಂಬಿಕೆ ಬಗ್ಗೆ ಭಾಷಣ ಮಾಡಿದ್ರೆ ಇದು ಸರಿಹೋಗಲ್ಲ ಅಂತ ನನಗೆ ಅನ್ನಿಸ್ತು. ಯಾರಾದ್ರೂ ಕೆಟ್ಟ ಸುದ್ದಿ ತಂದಾಗ ನನ್ನ ಬಾಯಿಂದ ಮೊದಲು ಏನು ಬರುತ್ತೆ, ಎಲ್ಲರೂ ಕಾಯೋದು ಅದನ್ನೇ.

ಹಾಗಾಗಿ "ಯಾರು ಮಾಡಿದ್ದು" ಅನ್ನೋದನ್ನ ಬಿಟ್ಟೆ, "ಈಗ ಪರಿಸ್ಥಿತಿ ಏನು, ಯಾರ ಸಹಾಯ ಬೇಕು" ಅಂತ ಶುರು ಮಾಡಿದೆ. ಒಂದಿನ ಸಂಜೆ ಒಬ್ಬ ಜೂನಿಯರ್ ಹುಡುಗಿ ಟೆಸ್ಟ್‌ಗೆ ಅಂತ ಬರೆದಿದ್ದ ಸ್ಕ್ರಿಪ್ಟನ್ನ (ಚಿಕ್ಕ ಪ್ರೋಗ್ರಾಂ) ಕ್ಲೈಂಟ್‌ನ ನಿಜವಾದ ಡೇಟಾ ಇರೋ ಲೈವ್ ಡೇಟಾಬೇಸ್ ಮೇಲೆ ಓಡಿಸಿಬಿಟ್ಲು, ಗೊತ್ತಾದ ತಕ್ಷಣ ನನ್ನ ಹತ್ರ ಓಡಿ ಬಂದ್ಲು, ಬೇಗ ಹೇಳಿದ್ದಕ್ಕೇ ಬ್ಯಾಕಪ್‌ನಿಂದ ಹೆಚ್ಚು ನಷ್ಟ ಇಲ್ದೆ ವಾಪಸ್ ತರೋಕಾಯ್ತು. ಕ್ಲೈಂಟ್‌ಗೆ ಫೋನ್ ಮಾಡಿ ಹೇಳಿದ್ದು ನಾನೇ. ಆಮೇಲೆ ಬರೆದ ವರದಿಯಲ್ಲಿ ಅವಳ ಹೆಸರಿಲ್ಲ, ಟೆಸ್ಟ್ ಸ್ಕ್ರಿಪ್ಟ್‌ಗೆ ಲೈವ್ ಪರ್ಮಿಷನ್ ಸಿಕ್ಕಿದ್ದು ಹೇಗೆ ಅನ್ನೋದು ಮಾತ್ರ ಇತ್ತು. ಇದನ್ನೆಲ್ಲಾ ಸುಮ್ನೆ ನೋಡ್ತಿದ್ದ ಒಬ್ಬ ಸೀನಿಯರ್, ಸ್ವಲ್ಪ ದಿನ ಬಿಟ್ಟು ಬಂದು, ತಾನು ತುಂಬಾ ದಿನದಿಂದ ಮುಚ್ಚಿಟ್ಟಿದ್ದ ಒಂದು ದೊಡ್ಡ ಸಮಸ್ಯೆ ಹೇಳಿದ್ರು.

ಆಮೇಲೆ ಸಮಸ್ಯೆಗಳ ಲಿಸ್ಟ್ ಉದ್ದ ಆಗ್ತಾ ಹೋಯ್ತು, ನನ್ನ ಮೇಲಿನವರಿಗೆ ಗಾಬರಿ. ಆಗ ನನಗೆ ನೆರವಾಗಿದ್ದು ಟೀಮ್‌ಗಳ ಬಗ್ಗೆ ಸಂಶೋಧನೆ ಮಾಡೋ ಏಮಿ ಎಡ್ಮಂಡ್ಸನ್ ಅವರ ಅಧ್ಯಯನ. 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ಟೀಮ್‌ಗಳಲ್ಲಿ ಔಷಧಿ ಕೊಡೋದ್ರಲ್ಲಾಗೋ ತಪ್ಪುಗಳನ್ನ ನೋಡಿದಾಗ, ಒಳ್ಳೇ ನಾಯಕತ್ವ ಇದ್ದ ಟೀಮ್‌ಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು, ಯಾಕಂದ್ರೆ ಅಲ್ಲಿನವರು ಹೆದರದೆ ಹೇಳ್ತಿದ್ರು. ಇದನ್ನ ಮೇಲಿನವರಿಗೆ ವಿವರಿಸಿ, ಲಿಸ್ಟ್ ಎಷ್ಟುದ್ದ ಅಂತ ಅಲ್ಲ, ಸಮಸ್ಯೆ ಶುರುವಾಗಿ ಎಷ್ಟು ಬೇಗ ನಮಗೆ ಗೊತ್ತಾಗ್ತಿದೆ ಅಂತ ನೋಡಿ ಅಂದೆ. ಒಪ್ಪಿದ್ರು.

ಆದ್ರೆ ಬೈಯದೇ ಇದ್ರೆ ಸಾಕು ಅಂದ್ಕೋಬೇಡಿ. ಮೇಯರ್, ಡೇವಿಸ್, ಸ್ಕೂರ್ಮನ್ ಅನ್ನೋ ಸಂಶೋಧಕರು 1995ರಲ್ಲಿ ಬರೆದ ಪ್ರಬಂಧದಲ್ಲಿ ನಂಬಿಕೆಗೆ ಮೂರು ಆಧಾರ ಹೇಳ್ತಾರೆ: ಸಾಮರ್ಥ್ಯ, ನಮ್ಮ ಒಳ್ಳೇದು ಬಯಸೋ ಮನಸ್ಸು, ಪ್ರಾಮಾಣಿಕತೆ. ನನ್ನ ಅನುಭವದಲ್ಲಿ ಮೂರನೇದು ಪರೀಕ್ಷೆ ಆಗೋದು ಚಿಕ್ಕ ಚಿಕ್ಕ ಮಾತಲ್ಲಿ. "ನೋಡ್ತೀನಿ" ಅಂತ ಯಾರಿಗಾದ್ರೂ ಅಂದ್ರೆ ಅವತ್ತೇ ಬರೆದಿಟ್ಕೊಳ್ತೀನಿ, ಉತ್ತರ "ಆಗಲ್ಲ" ಅಂತಿದ್ರೂ ಹೋಗಿ ಕಾರಣ ಸಮೇತ ಹೇಳ್ತೀನಿ. ಟೀಮ್‌ಗಳನ್ನ ಬದಲಾಯಿಸೋ ಮಾತು ನಡೀತಿದ್ದಾಗ ಎಲ್ಲರೂ ಕೇಳೋರು, "ಏನೂ ಆಗಲ್ಲ ಬಿಡಿ" ಅಂತ ಸಮಾಧಾನ ಮಾಡೋದು ಸುಲಭ ಇತ್ತು, ನಾನು ಹಾಗನ್ನಲಿಲ್ಲ, "ಸ್ವಲ್ಪ ವಿಷಯ ನನಗೆ ಗೊತ್ತು, ಈಗ ಹೇಳೋ ಹಾಗಿಲ್ಲ, ಶುಕ್ರವಾರ ಹೇಳ್ತೀನಿ" ಅಂದೆ, ಶುಕ್ರವಾರ ಹೇಳಿದೆ, ಕೆಲವರಿಗೆ ಅದು ಇಷ್ಟವಾಗೋ ಸುದ್ದಿ ಆಗಿರ್ಲಿಲ್ಲ, ಆದ್ರೂ ಮುಂದಿನ ಸಲ ಗಾಳಿಮಾತು ಕೇಳಿದಾಗ ಅವ್ರು ನೇರ ನನ್ನನ್ನೇ ಬಂದು ಕೇಳಿದ್ರು.

ಮನೆಯಿಂದ ಕೆಲಸ ಮಾಡೋರ ವಿಷಯದಲ್ಲಿ ಇನ್ನೂ ಕಷ್ಟ ಇದೆ, ಮುಖ ಕಾಣಲ್ಲ, ಯಾರು ಯಾಕೆ ಸುಮ್ನಿದ್ದಾರೆ ಅಂತ ತಿಳಿಯಲ್ಲ. ಅವ್ರಿಗೆ ಯಾವ ಅಜೆಂಡಾನೂ ಇಲ್ದೆ ಒಬ್ಬೊಬ್ರಿಗೇ ಫೋನ್ ಮಾಡ್ತೀನಿ, ಕೆಲಸದ ಮಾತು ಅವ್ರೇ ತೆಗೆದ್ರೆ ಮಾತ್ರ ಮಾತಾಡ್ತೀವಿ.